ಏಳನೇ ಗೇಟಿನ ಆಯ್ತು

ಬಿಳಿಯೊಡ್ಡು ಊರಿಗೆ ಅಂದಾಜಮ್ಮ ಬಂದಾಗ ಮೊದಲು ಫಜೀತಿಗೆ ಸಿಕ್ಕಿದವನು ಕೆಳಪೇಟೆಯ ದರ್ಜಿ ಬೆಟ್ಟಸ್ವಾಮಿ. ರವಿಕೆ ಹೊಲಿಯಲು ಕೊಟ್ಟವರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: "ನಾಳೆ ಬನ್ನಿ ಅಕ್ಕ." ಆ ನಾಳೆಗೆ ಊರಿನ ಹೆಂಗಸರು ಒಗ್ಗಿಹೋಗಿದ್ದರು. ಅಂದಾಜಮ್ಮ ಬಂದ ಮೇಲೆ, ಅವನ ಬಾಯಿಂದ ನಾಳೆ ಬೀಳುವುದೇ ತಡ, ಗಿರಾಕಿಯ ಕೈಯಲ್ಲಿನ ಫೋನು ಯಾರಿಗೂ ನೋವಾಗದಂಥ ಮೆಲುದನಿಯಲ್ಲಿ ಹೇಳತೊಡಗಿತು: "ಬೆಟ್ಟಸ್ವಾಮಿಯವರ ನಾಳೆ ಎಂದರೆ ಸಾಮಾನ್ಯವಾಗಿ ಮುಂದಿನ ವಾರ. ಹಬ್ಬ ಹತ್ತಿರ ಇದ್ದರೆ ಅದರ ಆಚೆ ವಾರ."

"ಇವಳ್ಯಾವಳು ನನ್ನ ಮರ್ವಾದೆ ತೆಗಿಯಾಕೆ ಬಂದವ್ಳೆ?" ಎಂದು ಬೆಟ್ಟಸ್ವಾಮಿ ಕತ್ತರಿ ಕೆಳಗಿಟ್ಟಿದ್ದ.

ಅಂದಾಜಮ್ಮ ಎಂಬುದು ಊರವರು ಇಟ್ಟ ಹೆಸರು. ಸರ್ಕಾರದ ಕಾಗದದಲ್ಲಿ ಅದು 'ಕಾಮಗಾರಿ ಅವಧಿ ಅಂದಾಜು ವ್ಯವಸ್ಥೆ'. ಮೊದಲು ಸೇತುವೆ, ಕಾಲುವೆ, ಅಣೆಕಟ್ಟಿನ ಕೆಲಸಗಳಿಗೆಂದು ಮಾಡಿದ್ದು. ಅಲ್ಲಿ ಚೆನ್ನಾಗಿ ನಡೆಯಿತೆಂದು ಎಲ್ಲರ ಫೋನಿಗೂ ಇಳಿಸಿದರು. ಅದು ಮಾಡುತ್ತಿದ್ದುದು ಇಷ್ಟೇ. ಯಾರಾದರೂ ಒಂದು ಕೆಲಸಕ್ಕೆ ಇಷ್ಟು ಹೊತ್ತು ಬೇಕು ಎಂದರೆ ಕೇಳಿಸಿಕೊಳ್ಳುವುದು. ಕೊನೆಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿಕೊಳ್ಳುವುದು. ಎರಡನ್ನೂ ಆ ಮನುಷ್ಯನ ದನಿಯ ಜೊತೆಗೆ ನೆನಪಿಟ್ಟುಕೊಳ್ಳುವುದು. ವರ್ಷಗಟ್ಟಲೆ ಹೀಗೆ ಕೇಳಿ ಕೇಳಿ, ಯಾರ 'ಇಗೋ ಬಂದೆ'ಗೆ ಎಷ್ಟು ನಿಮಿಷ, ಯಾರ 'ಇನ್ನೇನು ಮುಗೀತು'ಗೆ ಎಷ್ಟು ದಿನ ಎಂಬುದು ಅದಕ್ಕೆ ಬಾಯಿಪಾಠವಾಗಿತ್ತು.

ಜನ ಹೊಂದಿಕೊಂಡರು. ಸ್ನಾನದ ಮನೆಯಲ್ಲಿ ನಿಂತುಕೊಂಡು 'ಬಂದೆ, ಬಸ್‌ಸ್ಟ್ಯಾಂಡ್ ಹತ್ರ ಇದೀನಿ' ಎನ್ನುವವರು ಕಡಿಮೆಯಾದರು. ಜಾಣರು 'ನೋಡೋಣ' ಎನ್ನಲು ಕಲಿತರು. ನೋಡೋಣ ಎಂದರೆ ಅಂದಾಜಮ್ಮನಿಗೂ ಲೆಕ್ಕ ಸಿಗುತ್ತಿರಲಿಲ್ಲ. ಬೆಟ್ಟಸ್ವಾಮಿ ಕೂಡ ವರ್ಷ ಕಳೆಯುವುದರೊಳಗೆ "ಬೇಗ ಅಂದ್ರೆ ಗುರುವಾರ, ತಡ ಅಂದ್ರೆ ಆಚೆ ಸೋಮವಾರ" ಎಂದು ಬಾಯಿ ತಿರುಗಿಸಿಕೊಂಡ. ಜಗಳ ನಿಂತಿತು. ಆದರೂ ಅವನಿಗೆ ಒಳಗೊಳಗೇ ಬೇಜಾರು. "ಮೊದ್ಲಾದ್ರೆ ಬೈಯಾಕಾದ್ರೂ ಬಂದು ಅರ್ಧ ಗಂಟೆ ಕೂತ್ಕತಿದ್ರು" ಎನ್ನುತ್ತಿದ್ದ.

ಮನೆಗಳಲ್ಲಿ ಮಾತ್ರ ಅಂದಾಜಮ್ಮ ಬಾಳಲಿಲ್ಲ. ಹೆಂಡತಿ "ಐದೇ ನಿಮಿಷ, ಸೀರೆ ಉಟ್ಕೊಂಡು ಬಂದೆ" ಎಂದಾಗ ಫೋನು "ನಲವತ್ತು" ಎಂದರೆ ಯಾವ ಸಂಸಾರ ತಾನೇ ತಡೆದೀತು? ತವರಿಗೆ ಹೋದವರು, ಊಟ ಬಿಟ್ಟವರು, ಫೋನು ಬಾವಿಗೆ ಎಸೆದವರು ಎಲ್ಲ ಸೇರಿ ಗಲಾಟೆ ಮಾಡಿದ ಮೇಲೆ 'ಹೊಸ್ತಿಲ ಕಾನೂನು' ಬಂತು. ಹೊಸ್ತಿಲು ದಾಟಿ ಒಳಗೆ ಬಂದರೆ ಅಂದಾಜಮ್ಮನ ಕಿವಿ ಮುಚ್ಚಿಕೊಳ್ಳಬೇಕು. ಮನೆಯೊಳಗೆ ಆಡಿದ್ದು ಅದಕ್ಕೆ ಕೇಳಿಸಲೂ ಕೂಡದು, ನೆನಪಿನಲ್ಲಿ ಉಳಿಯಲೂ ಕೂಡದು.

ಒಳ್ಳೆಯ ಕಾನೂನೇ. ವನಮಾಲಾ ಕೂಡ ಅದರ ಪರವಾಗಿ ಸಹಿ ಹಾಕಿದ್ದಳು. ಆ ಕಾನೂನಿಗೇ ಒಂದು ದಿನ ತಾನು ಮುಖಾಮುಖಿ ನಿಲ್ಲಬೇಕಾದೀತು ಎಂದು ಅವಳಿಗೆ ಹೊಳೆದಿರಲಿಲ್ಲ.

ವನಮಾಲಾ ಊರ ಹೊಳೆಗೆ ಅಡ್ಡ ಕಟ್ಟಿದ ಒಡ್ಡಿನ ನಿಯಂತ್ರಣ ಕೊಠಡಿಯಲ್ಲಿ ಯೋಜನಾ ಇಂಜಿನಿಯರು. ಯಾವ ಕೆಲಸ ಯಾವುದರ ಹಿಂದೆ ಬರಬೇಕು, ಯಾವುದು ತಡವಾದರೆ ಎಲ್ಲವೂ ತಡ, ಯಾವುದು ತಡವಾದರೂ ಪರವಾಗಿಲ್ಲ ಎಂದು ಹೆಣೆಯುವುದು ಅವಳ ಕೆಲಸ. ಗಂಡ ಚೆಲುವರಾಜು ಅದೇ ಒಡ್ಡಿನ ಮೇಲೆ ಗೇಟು ಕೂರಿಸುವ ತಂಡದ ಮುಖ್ಯಸ್ಥ. ಅವಳು ಗೋಡೆಯೊಳಗೆ, ಅವನು ಬಿಸಿಲಲ್ಲಿ. ಇಬ್ಬರೂ ಅತ್ತೆ ಪುಟ್ಟಗೌರಮ್ಮನ ಜೊತೆ ಕೆಳಪೇಟೆಯಲ್ಲಿ ವಾಸ.

ಕೆಳಪೇಟೆ ಹೊಳೆಯ ಎಡದಂಡೆಯಲ್ಲಿ ತಗ್ಗಿನಲ್ಲಿತ್ತು. ಒಡ್ಡಿಗೆ ಏಳು ಗೇಟು. ಮಳೆಗಾಲದಲ್ಲಿ ಮೇಲಣೆಯಿಂದ, ಅಂದರೆ ಹೊಳೆಯ ಮೇಲ್ಭಾಗದ ಅಣೆಕಟ್ಟಿನಿಂದ, ನೀರು ಬಿಟ್ಟಾಗ ಏಳೂ ಗೇಟು ಎತ್ತಿದರೆ ಹೊಳೆ ತನ್ನ ಪಾಡಿಗೆ ತಾನು ಹೋಗುತ್ತದೆ. ಆರೇ ಎತ್ತಿದರೆ ನೀರು ಒಡ್ಡಿನ ಹಿಂದೆ ಏರಿ, ದಂಡೆ ದಾಟಿ, ಮೊದಲು ಬೆಟ್ಟಸ್ವಾಮಿಯ ಅಂಗಡಿಗೆ, ಆಮೇಲೆ ಉಳಿದ ಮನೆಗಳಿಗೆ ಬರುತ್ತದೆ. ಒಂದೊಂದು ಬೇಸಿಗೆಗೆ ಒಂದೊಂದರಂತೆ ಆರು ಹಳೇ ಗೇಟು ತೆಗೆದು ಹೊಸದು ಕೂರಿಸಿದ್ದರು. ಈ ಬೇಸಿಗೆ ಏಳನೆಯದರ ಸರದಿ. ಕೆಲಸ ನಡೆಯುವಷ್ಟು ದಿನ ಆ ಕಂಡಿಗೆ ಉಕ್ಕಿನ ತೊಲೆ ಅಡ್ಡ ಇಟ್ಟು ಮುಚ್ಚಿರುತ್ತಾರೆ. ಹೊಸ ಗೇಟು ಕೂತು, ಬೋಲ್ಟು ಬಿಗಿದ ಮೇಲೆಯೇ ತೊಲೆ ತೆಗೆಯುವುದು.

"ಅದೇನವ್ವ, ದಿನಾ ಕೂತ್ಕಂಡು ಗುಡ್ಡದ ಚಿತ್ರ ನೋಡ್ತೀಯಂತೆ?" ಎಂದು ಪುಟ್ಟಗೌರಮ್ಮ ಒಂದು ಸಂಜೆ ಬಸ್ಸಾರಿಗೆ ಸೊಪ್ಪು ಬಿಡಿಸುತ್ತ ಕೇಳಿದ್ದಳು. "ಅದಕ್ಕೆ ಸಂಬಳ ಬೇರೆ ಕೊಡ್ತಾರಂತೆ."

ವನಮಾಲಾ ನಕ್ಕು ಪಕ್ಕದಲ್ಲಿ ಕೂತಳು. "ಅತ್ತೆ, ಹಬ್ಬಕ್ಕೆ ಒಬ್ಬಟ್ಟು ಮಾಡ್ತೀರಲ್ಲ, ಬೇಳೆ ಬೇಯೋಕೆ ಎಷ್ಟೊತ್ತು ಬೇಕು?"

"ಬೇಳೆ ಒಳ್ಳೇದಾಗಿದ್ರೆ ಇಷ್ಟೊತ್ತಿಗೆ ಬೆಂದೋಯ್ತದೆ. ಹಳೇದಾದ್ರೆ ಕೇಳ್ಬ್ಯಾಡ."

"ಹಾಂ, ಅದೇ ಗುಡ್ಡ. ಎಷ್ಟು ಬೇಗ ಅಂದ್ರೂ ಒಂದು ಮಿತಿ ಇದೆ, ಅದಕ್ಕೇ ಗುಡ್ಡದ ಎಡಗಡೆ ಗೋಡೆ ಥರ ಕಡಿದು. ತಡ ಆಗೋದಕ್ಕೆ ಮಿತಿಯಿಲ್ಲ, ಅದಕ್ಕೇ ಬಲಗಡೆ ಇಳಿಜಾರು ದೂರಕ್ಕೆ ಹೋಗುತ್ತೆ. ಅದಕ್ಕೇ ನಾವು ಮೂರು ಮಾತು ಕೇಳ್ತೀವಿ. ಬೇಗ ಅಂದ್ರೆ ಎಷ್ಟು, ಮಾಮೂಲಿ ಎಷ್ಟು, ತಡ ಅಂದ್ರೆ ಎಷ್ಟು. ಬೇಳೆಗೊಂದು ಗುಡ್ಡ, ಕಣಕಕ್ಕೊಂದು, ತಟ್ಟೋದಕ್ಕೊಂದು. ಅಂದಾಜಮ್ಮ ಆ ಗುಡ್ಡಗಳನ್ನ ಇಟ್ಕೊಂಡು ನಿಮ್ಮ ಹಬ್ಬಾನ ತನ್ನ ಹೊಟ್ಟೇಲಿ ಸಾವಿರಾರು ಸಲ ಮಾಡಿ ನೋಡ್ತಾಳೆ. ಒಂದ್ಸಲ ಬೇಳೆ ಬೇಗ ಬೇಯುತ್ತೆ, ಇನ್ನೊಂದ್ಸಲ ಗ್ಯಾಸ್ ಖಾಲಿ ಆಗುತ್ತೆ. ಅಷ್ಟು ಹಬ್ಬದಲ್ಲಿ ಎಷ್ಟರಲ್ಲಿ ನೆಂಟರು ಬರೋದ್ರೊಳಗೆ ಎಲೆ ಹಾಕಿದ್ವಿ ಅಂತ ಎಣಿಸಿ ಹೇಳ್ತಾಳೆ."

"ಅಂಗಾರೆ ಚಟ್ನಿ?"

"ಚಟ್ನಿ ಮಧ್ಯದಲ್ಲಿ ಯಾವಾಗಲಾದ್ರೂ ಅರೀಬೋದು. ಅದು ತಡ ಆದ್ರೆ ಎಲೆ ನಿಲ್ಲಲ್ಲ."

"ಅದ ನಂಗೆ ನೀ ಯೋಳ್ಕೊಡ್ತೀಯಾ?" ಎಂದು ಪುಟ್ಟಗೌರಮ್ಮ ಸೊಪ್ಪಿನ ದಂಟಿನಿಂದ ಸೊಸೆಯ ಮೊಣಕಾಲಿಗೆ ತಟ್ಟಿದಳು.

ಒಂದು ವಿಷಯವನ್ನು ವನಮಾಲಾ ಅತ್ತೆಗೆ ಹೇಳಲಿಲ್ಲ, ಅದು ಮೆತ್ತೆಯ ವಿಷಯ. ಕೆಲಸಗಾರರನ್ನು ಎಷ್ಟು ದಿನ ಬೇಕು ಎಂದು ಕೇಳಿದರೆ ಪ್ರತಿಯೊಬ್ಬರೂ ಒಂದಿಷ್ಟು ಸೇರಿಸಿಯೇ ಹೇಳುತ್ತಾರೆ, ಬಿದ್ದರೆ ಪೆಟ್ಟಾಗದಿರಲಿ ಎಂದು ಕೆಳಗೆ ಮೆತ್ತೆ ಹಾಸಿಕೊಂಡ ಹಾಗೆ. ಹಾಸಿದ ಮೇಲೆ ಅದರ ಮೇಲೆ ಒರಗುವುದೂ ಉಂಟು. ಅಂದಾಜಮ್ಮ ಆ ಸಣ್ಣ ಸಣ್ಣ ಮೆತ್ತೆಗಳನ್ನೆಲ್ಲ ಕಿತ್ತು, ಒಂದೇ ದೊಡ್ಡ ಹಾಸಿಗೆ ಹೊಲಿದು, ಇಡೀ ಯೋಜನೆಯ ಕೊನೆಗೆ ಹಾಸಿಡುತ್ತಿದ್ದಳು. ಯಾರಿಗೆ ನಿಜವಾಗಿ ತಡವಾಯಿತೋ ಅವರಿಗೆ ಅದರಿಂದ ಒಂದಿಷ್ಟು. ಆದರೆ ಹಾಸಿಗೆ ಎಷ್ಟು ದಪ್ಪ ಉಳಿದಿದೆ ಎಂಬುದು ಕೆಲಸಗಾರರಿಗೆ ಗೊತ್ತಾಗಕೂಡದು, ಗೊತ್ತಾದರೆ ಮತ್ತೆ ಒರಗುತ್ತಾರೆ. ಹಿಂದಿನ ಕಾಲುವೆ ಕೆಲಸದಲ್ಲಿ ಹಾಗೇ ಆಗಿತ್ತು. ಆಮೇಲೆ ಈ ಗುಟ್ಟಿನ ನಿಯಮ ಮಾಡಿದವರು ಕೊಠಡಿಯ ಹಿರಿಯ ಇನಾಯತ್ ಸಾಹೇಬರು ಮತ್ತು ವನಮಾಲಾ.

ಅತ್ತೆ-ಸೊಸೆ ಮಾತಾಡುತ್ತಿದ್ದಾಗಲೇ ಚೆಲುವರಾಜು ಬಂದ. ಚಪ್ಪಲಿ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು ಒಳಗೆ ಬಂದವನನ್ನು ವನಮಾಲಾ ಕೇಳಿದಳು: "ರೀ, ಟ್ಯಾಂಕಿನ ನಲ್ಲಿಗೆ ವಾಷರ್ ಹಾಕ್ಸಿದ್ರಾ?"

"ಆಯ್ತೂ" ಎಂದ ಅವನು ಟವೆಲ್ಲಿನಲ್ಲಿ ಮುಖ ಹುದುಗಿಸಿ.

ಹಿತ್ತಲಲ್ಲಿ ನಲ್ಲಿ ತೊಟಕ್ ತೊಟಕ್ ಎನ್ನುತ್ತಲೇ ಇತ್ತು. ಪುಟ್ಟಗೌರಮ್ಮ ಸೊಸೆಯ ಮುಖ ನೋಡಿ ದನಿ ತಗ್ಗಿಸಿದಳು. "ಅವ್ನಪ್ಪನೂ ಹಂಗೇಯ. ಆಯ್ತು ಅಂದ್ರೆ ಆಗದೆ ಅಂತಲ್ಲ ಕಣವ್ವ, ನೀ ಸುಮ್ಕಿರು ಅಂತ."

ಸೋಜಿಗವೆಂದರೆ ಇದೇ ಚೆಲುವರಾಜುವಿನ ಮಾತಿಗೆ ಒಡ್ಡಿನ ಮೇಲೆ ಚಿನ್ನದ ತೂಕ. ಕೆಲಸದ ಜಾಗದಲ್ಲಿ ಕ್ಯಾಮೆರಾ ಬೇಡವೇ ಬೇಡ ಎಂದು ಕೆಲಸಗಾರರು ಹಟ ಹಿಡಿದು ಗೆದ್ದಿದ್ದರು. ಅದರ ಬದಲು, ಯಾರ ಆಯ್ತು ಒಮ್ಮೆಯೂ ಹುಸಿಯಾಗಿಲ್ಲವೋ ಅವರ ಬಾಯಿಮಾತೇ ಸಾಕು, ತಪಾಸಣೆ ಬೇಡ ಎಂದು ಒಪ್ಪಂದವಾಗಿತ್ತು. ಅಂಥವರಿಗೆ 'ಮಾತು ನಿಂತವರು' ಎಂದು ಹೆಸರು. ತಪಾಸಣೆಯ ಹೊತ್ತು ಉಳಿಯುವುದರಿಂದ ಎಲ್ಲರಿಗೂ ಲಾಭ. ಇಡೀ ಹೊಳೆಯ ಉದ್ದಕ್ಕೂ ಮಾತು ನಿಂತ ಗೇಟಿನವನು ಎಂದರೆ ಚೆಲುವರಾಜು ಒಬ್ಬನೇ. ಅವನು ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಒಡ್ಡಿನ ಮೇಲೆ ನಡೆಯುವಾಗ ಅವನ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಒಮ್ಮೆ ಮಾತು ಬಿದ್ದರೆ ಮತ್ತೆ ಎತ್ತುವುದಕ್ಕೆ ವರ್ಷಗಳೇ ಬೇಕು.

ಮಳೆ ಆ ವರ್ಷ ಹೇಳದೆ ಕೇಳದೆ ಮೇಲ್ಸೀಮೆಯಲ್ಲಿ ಮೊದಲೇ ಹಿಡಿಯಿತು. ಬಿಳಿಯೊಡ್ಡಿನಲ್ಲಿ ಬಿಸಿಲು, ಮೇಲೆ ಜಡಿಮಳೆ. ಬೆಳಿಗ್ಗೆ ವನಮಾಲಾ ಕೊಠಡಿಗೆ ಬಂದಾಗ ಪರದೆಯ ಮೇಲೆ ನೀಲಿ ಬಣ್ಣದ ಹಾಸಿಗೆ ಚಾಪೆಯಷ್ಟು ತೆಳ್ಳಗಾಗಿತ್ತು. ಇನಾಯತ್ ಸಾಹೇಬರು ಚಹಾ ಕುಡಿಯುವುದನ್ನೂ ಮರೆತು ಮೇಲಣೆಯವರ ಜೊತೆ ಮಾತಾಡುತ್ತಿದ್ದರು.

"ಅವರು ಈಗಿಂದಲೇ ಸ್ವಲ್ಪ ಸ್ವಲ್ಪ ಬಿಡಬೇಕು ಅಂತಿದಾರೆ ಮೇಡಂ" ಎಂದರು ಫೋನು ಇಟ್ಟು. "ನಾವು ತಯಾರು ಅಂದ ತಕ್ಷಣ ಬಿಡ್ತಾರೆ. ತಯಾರಿಲ್ಲ ಅಂದ್ರೆ ಸಂಜೆವರೆಗೂ ಹೇಗೋ ಹಿಡ್ಕೋತಾರೆ, ಆದ್ರೆ ಆಮೇಲೆ ಒಟ್ಟಿಗೆ ಬಿಡಬೇಕಾಗುತ್ತೆ. ಎರಡರಲ್ಲೂ ಕಷ್ಟ ಇದೆ. ನಮ್ಮ ಏಳನೇದು?"

"ಬಲಗಡೆ ಬೋಲ್ಟು ನಿನ್ನೇನೇ ಮುಗೀತು ಸಾರ್. ಎಡಗಡೆದು ನಡೀತಿದೆ."

"ಗಾಳಿಗೆ ಲೈನು ಕೆಟ್ಟಿದೆ, ಯಂತ್ರ ಕೇಳಿದ್ರೆ ಅವರಿಗೆ ಸರಿಯಾಗಿ ಕೇಳಿಸ್ತಿಲ್ಲ. ನೀವೇ ಕೇಳಿಬಿಡಿ. ನಿಮ್ಮ ದನಿ ಆದ್ರೆ ಅವರು ಎಲ್ಲಿದ್ರೂ ಗುರುತು ಹಿಡೀತಾರೆ" ಎಂದು ಸಾಹೇಬರು ಸಣ್ಣಗೆ ನಕ್ಕರು.

ಕೆಲಸದ ಲೈನಿನಲ್ಲಿ ವನಮಾಲಾ ಎಂದೂ ಗಂಡನ ಜೊತೆ ಮಾತಾಡಿರಲಿಲ್ಲ. ಪ್ರತಿ ಸಲವೂ ಕೇಳುತ್ತಿದ್ದುದು ಅಂದಾಜಮ್ಮನೇ.

"ಹಲೋ, ಏಳನೇ ಗೇಟಾ?"

"ಹೂಂ. ಏನು, ನೀನೇ ಫೋನ್ ಮಾಡಿದೀಯ?" ಗಾಳಿಯ ಬೊರ್ರೆಂಬ ಸದ್ದಿನ ನಡುವೆ ಅವನ ದನಿ.

"ಎಡಗಡೆ ಆಯ್ತಾ?"

"ಆಯ್ತೂ."

ಅಷ್ಟೇ ಮಾತು. ಪರದೆಯ ಮೇಲೆ ಏಳನೇ ಗೇಟು ಹಸಿರಾಯಿತು. "ಚೆಲುವರಾಜು ಅವರ ಮಾತು ಬಂದಿದೆ" ಎಂದಳು ಅಂದಾಜಮ್ಮ. "ಅಡ್ಡತೊಲೆ ತೆಗೆಯಬಹುದು. ತಯಾರಿದ್ದೇವೆ ಎಂದು ಮೇಲಣೆಗೆ ತಿಳಿಸಲು ಯೋಜನಾ ಇಂಜಿನಿಯರ ಒಪ್ಪಿಗೆ ಬೇಕು."

ಇನಾಯತ್ ಸಾಹೇಬರು "ಶುಕ್ರಿಯಾ ಪರವರ್ದಿಗಾರ್" ಎಂದು ದೇವರನ್ನು ನೆನೆದು ಆರಿಹೋದ ಚಹಾ ಕೈಗೆತ್ತಿಕೊಂಡರು. ವನಮಾಲಾಳ ಬೆರಳು ಮಾತ್ರ ಗುಂಡಿಯ ಮೇಲೆ ಇಳಿಯಲಿಲ್ಲ.

ಆ ಪದದ ಬಾಲ. ಒಡ್ಡಿನ ಮೇಲಿನ ಆಯ್ತು ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಳೆಯ ಧ್ವನಿಮುದ್ರಿಕೆಗಳನ್ನು ಎಷ್ಟು ಸಲ ಕೇಳಿಲ್ಲ! ಅದು ಮೊಟಕು, ಸುತ್ತಿಗೆ ಪೆಟ್ಟಿನ ಹಾಗೆ. ಈಗ ಬಂದದ್ದಕ್ಕೆ ಕೊನೆಯಲ್ಲಿ ಸಣ್ಣ ಎಳೆತವಿತ್ತು. ಟವೆಲ್ಲಿನೊಳಗಿಂದ ಬರುವ ಎಳೆತ. ಕೇಳಿದವಳು ಹೆಂಡತಿಯಾದ್ದರಿಂದ ಅವನ ಬಾಯಿಗೆ ತಾನಾಗಿ ಮನೆಯ ಉತ್ತರ ಬಂದುಬಿಟ್ಟಿತೇ?

ಅವಳು ಮತ್ತೆ ಲೈನು ಹಿಡಿದಳು. "ರೀ, ನಿಜವಾಗ್ಲೂ ಆಯ್ತಾ?"

"ಆಯ್ತು ಅಂದ್ನಲ್ಲ ಕಣೇ! ಎಷ್ಟು ಸಲ ಹೇಳ್ಲಿ?" ಹಿಂದೆ ಯಾರೋ ಕಿಸಕ್ಕೆಂದರು. "ಅಣ್ಣೋ, ಮನೆ ಲೈನು ಇಲ್ಲಿಗೂ ಬಂತಾ?" ಎಂದ ಇನ್ನೊಬ್ಬ. ಲೈನು ಕಡಿಯಿತು.

"ಸಾರ್" ಎಂದಳು ವನಮಾಲಾ ಮೆಲ್ಲಗೆ, "ಇದು ಮನೆ ಆಯ್ತು."

"ಏನಂದ್ರಿ?"

"ಅವರಿಗೆ ಎರಡು ಆಯ್ತು ಇದೆ ಸಾರ್. ಕೆಲಸದ್ದೊಂದು, ಮನೇದೊಂದು. ಕೆಲಸದ ಆಯ್ತು ಅಂದ್ರೆ ಮುಗೀತು ಅಂತ. ಮನೆ ಆಯ್ತು ಅಂದ್ರೆ ಪೀಡಿಸ್ಬೇಡ, ಮಾಡ್ತೀನಿ ಅಂತ. ಈಗ ಬಂದಿದ್ದು ಮನೇದು."

ಸಾಹೇಬರು ಅವಳನ್ನೇ ನೋಡಿದರು. ನಗಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. "ಮನೆ ವಿಷಯ ಮೇಡಂ ಇದು... ನಿಮಗೆ ಪಕ್ಕಾನಾ?"

"ಪಕ್ಕಾ ಇಲ್ಲ."

"ನೂರಕ್ಕೆ ಎಷ್ಟು?"

"ಗೊತ್ತಿಲ್ಲ ಸಾರ್. ಗುಡ್ಡ ಬಿಡಿಸೋಕಾಗಲ್ಲ ಇದಕ್ಕೆ."

ಅವಳು ಅಂದಾಜಮ್ಮನನ್ನೇ ಕೇಳಿದಳು. "ಚೆಲುವರಾಜು ಅವರ ಆಯ್ತು ಇದುವರೆಗೆ ಒಮ್ಮೆಯೂ ಹುಸಿಯಾಗಿಲ್ಲ" ಎಂದಿತು ಅದು.

"ಮನೇಲಿ?"

"ಮನೆಯ ಮಾತು ನನಗೆ ಕೇಳಿಸುವುದಿಲ್ಲ. ಕೇಳಿಸದ್ದರ ಬಗ್ಗೆ ನಾನು ಹೇಳಲಾರೆ."

ಸರಿಯಾದ ಮಾತೇ. ಅಂದಾಜಮ್ಮನಿಗೆ ಚೆಲುವರಾಜುವಿನ ಒಂದು ಮಗ್ಗುಲು ಮಾತ್ರ ಗೊತ್ತು. ಇನ್ನೊಂದು ಮಗ್ಗುಲು ಈ ಲೋಕದಲ್ಲಿ ಇಬ್ಬರು ಹೆಂಗಸರಿಗೆ ಗೊತ್ತು, ಅವರಲ್ಲೊಬ್ಬಳು ಈಗ ಕೆಳಪೇಟೆಯಲ್ಲಿ ಹಿಟ್ಟು ತಿರುವುತ್ತಿರುತ್ತಾಳೆ.

ಮಾತು ತಳ್ಳಿಹಾಕಬೇಕೆಂದರೆ ಕಾರಣ ಕೊಡಬೇಕು. ಕಾರಣ ಊರಿನ ಬೀದಿ ಫಲಕಗಳಲ್ಲೆಲ್ಲ ಬೆಳಗುತ್ತದೆ. ಜನರಿಂದ ಮುಚ್ಚಿಡುವುದು ಏನೂ ಇರಬಾರದೆಂದು ಹಾಗೆ ಮಾಡಿದ್ದರು. ಅವಳ ಮುಂದೆ ಕಾರಣಗಳು ತೆರೆದುಕೊಂಡವು. ಹವಾಮಾನ. ಸಾಮಗ್ರಿ ಬಂದಿಲ್ಲ. ಯಂತ್ರ ಕೆಟ್ಟಿದೆ. ಯಾವುದೂ ನಿಜವಲ್ಲ. ಕೊನೆಯದು: ಹೇಳಿದವರ ಮಾತು ನಂಬುವಂತಿಲ್ಲ.

"ಸುಮ್ನೆ ಹವಾಮಾನ ಅಂತ ಹಾಕಿ ಮೇಡಂ" ಎಂದರು ಇನಾಯತ್ ಸಾಹೇಬರು. ಅವರ ದನಿಯಲ್ಲಿ ಮರುಕವಿತ್ತು. "ಗಾಳಿ ಇದೆಯಲ್ಲ. ನಿಮ್ಮನೆಯವರ ಮರ್ಯಾದೆ ಉಳಿಯುತ್ತೆ."

"ಹವಾಮಾನ ಅಂದ್ರೆ ಅಂದಾಜಮ್ಮ ಗಾಳಿ ಅಳೆದು, ಏನೂ ತೊಂದರೆಯಿಲ್ಲ ಅಂತ ಮತ್ತೆ ಹಸಿರು ಮಾಡ್ತಾಳೆ ಸಾರ್."

ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. ತಾನು ತಪ್ಪಾದರೆ, ಹಣೆಯ ಬೆವರು ಸುರಿಸಿ ಕೆಲಸ ಮುಗಿಸಿದವನನ್ನು, ಅದೂ ಗಂಡನನ್ನು, ಊರ ಮುಂದೆ ಸುಳ್ಳ ಎಂದಂತಾಯಿತು. ಸರಿಯಾದರೆ, ಈಗ ಒಪ್ಪಿಗೆ ಕೊಟ್ಟರೆ, ಮಧ್ಯಾಹ್ನದ ಹೊತ್ತಿಗೆ ಕೆಳಪೇಟೆಯ ಒಲೆಗಳೆಲ್ಲ ನೀರಿನಲ್ಲಿ. ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿ ನೋಡಿದರೂ ತಕ್ಕಡಿ ಒಂದೇ ಕಡೆ ವಾಲುತ್ತಿತ್ತು. ಕೊನೆಯದನ್ನೇ ಒತ್ತಿದಳು.

ಹಸಿರು ಕೆಂಪಾಯಿತು. ಮೇಲಣೆಯವರು "ಸಂಜೆವರೆಗೆ ಮಾತ್ರ" ಎಂದು ಗೊಣಗಿಕೊಂಡು ನೀರು ತಡೆದರು. ಸಂಜೆಯೊಳಗೆ ಗೇಟು ಮುಗಿಯದಿದ್ದರೆ ಎಂದು ಜನರನ್ನು ಎಬ್ಬಿಸಲು ಕೆಳಪೇಟೆಯಲ್ಲಿ ಸೈರನ್ ಕೂಗಿತು. ಫಲಕಗಳ ಮೇಲೆ ದೊಡ್ಡ ಅಕ್ಷರದಲ್ಲಿ: ಏಳನೇ ಗೇಟು ತಯಾರಿಲ್ಲ. ಕಾರಣ: ಚೆಲುವರಾಜು ಅವರ ಮಾತು ನಂಬುವಂತಿಲ್ಲ. ತಳ್ಳಿಹಾಕಿದವರು: ವನಮಾಲಾ.

ಲೈನು ಹೊಡೆದುಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ವನಾ, ಏನಿದು?" ಅವನು ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. "ನನ್ನ ಮಾತು ಬೀಳ್ಸಿದ್ಯಾ?"

ಅವಳು ಇನಾಯತ್ ಸಾಹೇಬರ ಕಡೆ ನೋಡಿದಳು. ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋಗಿ, ಹೊರಗೆ ಏನೋ ಬಹಳ ಮುಖ್ಯವಾದದ್ದು ಇದೆಯೆಂಬಂತೆ ಬೆನ್ನು ತಿರುಗಿಸಿ ನಿಂತರು.

"ಮೆತ್ತೆ ಇಲ್ಲ ರೀ" ಎಂದಳು ವನಮಾಲಾ. "ಹೇಳ್ಬಾರ್ದು, ಹೇಳ್ತಿದೀನಿ. ಮೇಲೆ ಮಳೆ ಬಂದು ಎಲ್ಲ ತಿಂದಾಯ್ತು. ಆಯ್ತು ಅನ್ನೋವಾಗ ಸಂಜೆವರೆಗೂ ಟೈಮಿದೆ ಅಂತ ನೀವು ಅಂದ್ಕೊಂಡಿದ್ರೆ, ಇರ್ಲಿಲ್ಲ. ನೀವು ಆಯ್ತು ಅಂದ ತಕ್ಷಣ ಅವರು ನೀರು ಬಿಡ್ತಿದ್ರು."

 ಅವನು ಲೈನು ಕಡಿದ. ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಕೆಳಪೇಟೆಯವರು ಮೇಲಿನ ಛತ್ರಕ್ಕೆ ಹೊರಟದ್ದನ್ನು ಅವಳು ಕಿಟಕಿಯಿಂದಲೇ ಕಂಡಳು. ಬಿಸಿಲಿತ್ತು, ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು, ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಹೊಲಿಗೆ ಯಂತ್ರವನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಬೆಟ್ಟಸ್ವಾಮಿ ಎಲ್ಲರಿಗೂ ಕೇಳಿಸುವಂತೆ ಮಾತಾಡುತ್ತ ಹೋಗುತ್ತಿದ್ದ. ಹಿಂದೆ ಪುಟ್ಟಗೌರಮ್ಮ, ಕಂಕುಳಲ್ಲಿ ಅಕ್ಕಿ ಡಬ್ಬ, ತಲೆಯ ಮೇಲೆ ಗಂಟು. ಫಲಕದ ಮುಂದೆ ನಿಂತು, ಅಕ್ಷರ ಬರದ ಅವಳು ಯಾರಿಂದಲೋ ಓದಿಸಿ ಕೇಳಿದಳು. ಕೇಳಿ, ಗಂಟು ಸರಿಮಾಡಿಕೊಂಡು ನಡೆದಳು.

ಮಾತು ಬಿದ್ದವರ ಕೆಲಸಕ್ಕೆ ತಪಾಸಣೆ ಕಡ್ಡಾಯ. ಮಧ್ಯಾಹ್ನ ಹಿಂದಾದ ಮೇಲೆ ಏಳನೇ ಗೇಟಿನಿಂದ ಸುದ್ದಿ ಬಂತು, ಚೆಲುವರಾಜುವಿನಿಂದಲ್ಲ, ಅವನ ತಂಡದವನಿಂದ: ಬಂದು ನೋಡಬಹುದು. ಇನಾಯತ್ ಸಾಹೇಬರೇ ಹೋದರು. ಅಡ್ಡತೊಲೆ ತೆಗೆದರು, ಗೇಟು ಒಮ್ಮೆ ಎತ್ತಿ, ಇಳಿಸಿ, ಮತ್ತೆ ಎತ್ತಿದರು. ಬೆಣ್ಣೆಯ ಹಾಗೆ ಜಾರಿತು. ಮೇಲಣೆಯವರು ನೀರು ಬಿಟ್ಟರು. ಹೊಳೆ ಕೆಂಪಗೆ ತುಂಬಿಕೊಂಡು ಬಂದು, ಏಳು ಕಂಡಿಗಳಲ್ಲಿ ಹಂಚಿಕೊಂಡು, ಕೆಳಪೇಟೆಯ ದಂಡೆಯ ಒಂದು ಕಲ್ಲನ್ನೂ ಮುಟ್ಟದೆ ಹೋಯಿತು.

ಬೋಲ್ಟು ಬೆಳಿಗ್ಗೆಯೇ ಬಿಗಿದಿತ್ತೋ, ಆಮೇಲೆ ಬಿಗಿದರೋ, ಬಿಗಿದ ಬೋಲ್ಟು ಹೇಳುವುದಿಲ್ಲ.

ಸಂಜೆ ವನಮಾಲಾ ಛತ್ರಕ್ಕೆ ಹೋದಾಗ ಚಿತ್ರಾನ್ನ ಹಂಚುತ್ತಿದ್ದರು. ಅವಳು ಒಳಗೆ ಕಾಲಿಡುತ್ತಿದ್ದಂತೆ ಮಾತು ಬೇರೆ ಶ್ರುತಿಗೆ ಹೊರಳಿತು.

"ಬನ್ನಿ ಬನ್ನಿ ಇಂಜಿನಿಯರಮ್ಮ" ಎಂದ ಬೆಟ್ಟಸ್ವಾಮಿ. "ನೀರು ಎಲ್ಲಿಗಂಟ ಬಂತು ಅಂತ ನೋಡ್ಕಂಡು ಬಂದೆ. ನನ್ನ ಅಂಗಡಿ ಮೆಟ್ಲ ಮೇಲೆ ನಾಯಿ ಮಲ್ಗದೆ. ಅದ್ರ ಬಾಲನೂ ನೆಂದಿಲ್ಲ."

"ಗಂಡ ಹೆಂಡ್ರ ಜಗಳಕ್ಕೆ ಪ್ಯಾಟೆ ಪ್ಯಾಟೆನೇ ಮೆಟ್ಲು ಅತ್ಬೇಕಾಯ್ತು" ಎಂದಳು ಒಬ್ಬ ಹೆಂಗಸು, ಮುಖ ಬೇರೆ ಕಡೆ ತಿರುಗಿಸಿ. "ನಮ್ಮ ಕೋಳಿ ಎಲ್ಲೋದ್ವೋ."

ವನಮಾಲಾ ಅತ್ತೆಯನ್ನು ಹುಡುಕುತ್ತ ಒಳಗೆ ನಡೆದಳು.  ಬಾರದ ನೀರನ್ನು ತೋರಿಸುವುದು ಹೇಗೆ? ಮಾತಿನ ಬಾಲವೊಂದು ಉದ್ದವಾಗಿತ್ತು ಎಂದರೆ ನಗುತ್ತಾರೆ. ಪುಟ್ಟಗೌರಮ್ಮ ಕಂಬದ ಬುಡದಲ್ಲಿ ಕೂತಿದ್ದವಳು ಸರಿದು ಜಾಗ ಮಾಡಿದಳು, ಅಷ್ಟೇ.

ಸ್ವಲ್ಪ ಹೊತ್ತಿಗೆ ಚೆಲುವರಾಜು ಬಂದ. ಮೊಣಕೈವರೆಗೂ ಗ್ರೀಸು. ಜನ ದಾರಿ ಬಿಟ್ಟರು. ಅವನ ಮೇಲೆ ಎಲ್ಲರಿಗೂ ಅಯ್ಯೋ ಎನಿಸಿತ್ತು.

"ಬಾರಪ್ಪ ಚೆಲುವರಾಜು" ಎಂದ ಬೆಟ್ಟಸ್ವಾಮಿ ದನಿ ಮೆತ್ತಗೆ ಮಾಡಿಕೊಂಡು. "ನೀ ಬೆಳಿಗ್ಗೆನೇ ಆಯ್ತು ಅಂದಿದ್ಯಂತೆ, ನಿನ್ನುಡುಗ್ರು ಯೋಳುದ್ರು. ಇನಾಯತ್ ಸಾಹೇಬ್ರೂ ಅಂದ್ರು, ನಾಳೆ ಒಳಗೆ ತಕರಾರು ಹಾಕುದ್ರೆ ನಿನ್ನ ಮಾತು ಮತ್ತೆ ನಿಲ್ತದಂತೆ. ಆ ಅಂದಾಜಮ್ಮನೇ ನಿನ್ನ ಪರ ಅವ್ಳಂತೆ. ಹಾಕಪ್ಪ, ನಾವೆಲ್ಲ ಸಾಕ್ಷಿ. ಎಂಡ್ರು ಅಂತ ನೋಡ್ಬ್ಯಾಡ."

ಅದು ನಿಜ. ಸಾಹೇಬರು ಗೇಟಿನ ಹತ್ತಿರವೇ ಅವನಿಗೆ ಹೇಳಿದ್ದರು. ಒಂದು ತಕರಾರು, ಒಂದು ಸಹಿ. ಅವನ ಮಾತು ಎದ್ದು ನಿಲ್ಲುತ್ತದೆ, ತಪ್ಪು ವನಮಾಲಾಳದು ಎಂದು ಫಲಕದ ಮೇಲೆ ಬರುತ್ತದೆ.

ಚೆಲುವರಾಜು ಕೈಯಲ್ಲಿದ್ದ ಹಳೇ ಬಟ್ಟೆಯಿಂದ ಬೆರಳು ಒರೆಸಿಕೊಳ್ಳುತ್ತ ನಿಂತ. ಒಂದೊಂದೇ ಬೆರಳು. ಒರೆಸಿದಷ್ಟೂ ಗ್ರೀಸು ಹರಡುತ್ತಿತ್ತು.

"ಆಗಿರ್ಲಿಲ್ಲ" ಎಂದ.

"ಏನು?"

"ಎಡಗಡೆ. ಆಗಿರ್ಲಿಲ್ಲ." ಅವನು ಬೆಟ್ಟಸ್ವಾಮಿಗೆ ಹೇಳುತ್ತಿದ್ದರೂ ಛತ್ರದ ಕೊನೆಯವರೆಗೂ ಕೇಳಿಸಿತು. "ಬೋಲ್ಟಿನ ತೂತು ಕೂಡ್ತಿರ್ಲಿಲ್ಲ, ಬಿಚ್ಚಿ ಮತ್ತೆ ಹಾಕ್ಬೇಕಾಗಿತ್ತು. ಇನ್ನೊಂದು ಗಳಿಗೆ ಅಂತ ಅಂದ್ಕೊಂಡೆ. ಆ ಗಳಿಗೆ ಮಧ್ಯಾಹ್ನದವರೆಗೂ ಹಿಡೀತು. ಅವಳು ಕೇಳಿದ್ಲು, ಹುಡುಗ್ರೆಲ್ಲ ನಿಂತಿದ್ರು, ಬಾಯಿಗೆ ಬಂತು, ಆಯ್ತು ಅಂದ್ಬಿಟ್ಟೆ. ಎರಡನೇ ಸಲನೂ ಅಂದೆ. ಈಗ ಬರ್ತಾ ನೋಡ್ದೆ, ನಿನ್ನಂಗಡಿ ಮೆಟ್ಲ ಮೇಲೆ ನಾಯಿ ಮಲಗಿದೆ. ಅವಳು ನಂಬಿದ್ದಿದ್ರೆ ಅದು ಇರ್ತಿರ್ಲಿಲ್ಲ."

 ಚಿತ್ರಾನ್ನದ ಪಾತ್ರೆಯಲ್ಲಿ ಸೌಟು ಇಟ್ಟ ಸದ್ದು ಕೇಳಿಸಿತು.

ಛತ್ರವೆಂದರೆ ಮನೆಯಲ್ಲ, ಅಲ್ಲಿ ಹೊಸ್ತಿಲ ಕಾನೂನು ನಡೆಯುವುದಿಲ್ಲ. ಯಾರದೋ ಫೋನು ಮೆಲ್ಲಗೆ ಮಿನುಗಿ, ಕೇಳಿಸಿಕೊಂಡದ್ದನ್ನು ತನ್ನ ನೆನಪಿಗೆ ಸೇರಿಸಿಕೊಂಡಿತು. ಇನ್ನು ತಕರಾರಿನ ಮಾತೇ ಇಲ್ಲ. ಬಿದ್ದದ್ದು ಬಿದ್ದಂತೆ. ಮುಂದಿನ ವರ್ಷಗಳಲ್ಲಿ ಅವನ ಪ್ರತಿಯೊಂದು ಬೋಲ್ಟನ್ನೂ ಇನ್ನೊಬ್ಬರು ಬಂದು ಮುಟ್ಟಿ ನೋಡುತ್ತಾರೆ.

"ಓಗ್ಲಿ ಬುಡಪ್ಪ" ಎಂದ ಬೆಟ್ಟಸ್ವಾಮಿ ಕೊನೆಗೆ. ಅವನ ದನಿಯಲ್ಲಿ ತಮಾಷೆ ಪೂರ್ತಿ ಹೋಗಿರಲಿಲ್ಲ, ಆದರೆ ಬೇರೇನೋ ಸೇರಿಕೊಂಡಿತ್ತು. "ನಾಳೆ ಬನ್ನಿ ಅನ್ನೋ ನಮ್ಮ ಕುಲುಕ್ಕೆ ಬಂದೆ ನೀನೂವೆ."

ನಗು ಒಮ್ಮೆಲೇ ಬಂತು, ಮಳೆ ಹೊಯ್ದ ಹಾಗೆ. ಕೋಳಿ ಕಳೆದುಕೊಂಡ ಹೆಂಗಸೂ ನಕ್ಕಳು. ಗುಂಪು ಚದುರಿ ತಮ್ಮ ತಮ್ಮ ಗಂಟುಗಳ ಕಡೆ ಹೋಯಿತು.

ಚೆಲುವರಾಜು ಅಲ್ಲೇ ನಿಂತಿದ್ದ. ಎಲ್ಲಿ ಕೂರಬೇಕೆಂದು ಗೊತ್ತಾಗದವನಂತೆ. ವನಮಾಲಾ ಎದ್ದು ಅವನ ಹತ್ತಿರ ಬಂದಳು. ಬೆಳಿಗ್ಗೆಯಿಂದ ಹೇಳಬೇಕೆಂದುಕೊಂಡದ್ದು ಬೇಕಾದಷ್ಟಿತ್ತು. ಒಂದೂ ನೆನಪಿಗೆ ಬರಲಿಲ್ಲ. ದಾರಿಯಲ್ಲಿ ಸಿಕ್ಕ ಯಾರನ್ನಾದರೂ ಕೇಳುವಂಥ, ಉತ್ತರಕ್ಕೆ ಕಾಯದೆ ಮುಂದೆ ಹೋಗುವಂಥ ಮಾತೇ ಬಾಯಿಗೆ ಬಂತು.

"ಊಟ ಆಯ್ತಾ?"

ಅವನ ಬಾಯಿ ತೆರೆಯಿತು, ಮುಚ್ಚಿತು.

"ಇಲ್ಲ" ಎಂದ. "ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ವನಾ."

ಪುಟ್ಟಗೌರಮ್ಮ ಕಂಬದ ಬುಡದಿಂದ ಒಂದು ಎಲೆಯನ್ನು ಅವರ ಕಡೆಗೆ ಜಾರಿಸಿದಳು. ಅವನು ಕೂತ. ಕೈ ಗ್ರೀಸಾಗಿತ್ತು, ಅನ್ನ ಮುಟ್ಟುವ ಹಾಗಿರಲಿಲ್ಲ. ವನಮಾಲಾ ಪಕ್ಕದಲ್ಲಿ ಕೂತು, ಸುತ್ತ ಯಾರಿದ್ದಾರೆಂದು ನೋಡದೆ, ಮೊದಲ ತುತ್ತು ಕಲಸಿದಳು.